ಕಾಲು ಹಿಡಿದು ಜಗ್ಗಿದವನು

“ಇಂವನೇ ಆಯಿ, ನನ್ನ ಕಾಲು ಹಿಡಿದು ಜಗ್ಗಿದಾಂವ!”

ಅಪ್ಪನ ತೋಳಿನಲ್ಲಿದ್ದ ಏಳು ವರ್ಷದ ಹುಡುಗಿ ಪಕ್ಕದಲ್ಲಿದ್ದ ಅಜ್ಜಿಗೆ ಬೆರಳು ಚಾಚಿ ತೋರಿಸಿದ್ದು ಮುಜಫರನನ್ನೇ. ಅವಳ ಬಲಗಾಲಿಗೆ ಪಾದದಿಂದ ಮೊಣಕಾಲಿನವರೆಗೆ ಬಿಳಿ ಪ್ಲಾಸ್ಟರ್. ಮುಜಫರ ಬ್ರೇಕಿನ ಹಿಡಿಕೆ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದ. ಬಂದೇಬಿಟ್ಟರು ಅಂದುಕೊಂಡ.

ಸುರಪುರದಿಂದ ಶಹಾಪುರಕ್ಕೆ ಹೋಗುವ ರಸ್ತೆಯ ಈ ಪಾರ್ಕಿನಲ್ಲಿ ಉಯ್ಯಾಲೆಯಂತೆ ತೂಗುವ ಕೊಲಂಬಸ್ ದೋಣಿಯನ್ನು ನಡೆಸುವುದು ಅವನ ಕೆಲಸ. ಹೋದ ಭಾನುವಾರ ಈ ಹುಡುಗಿ, ಮೋನಮ್ಮ, ದೋಣಿಯ ಕೊನೆಯ ಸೀಟಿನಲ್ಲಿ ಕೂತಿದ್ದಳು. ದೋಣಿ ಕೆಳಗಿಳಿಯುವಾಗ ಸೀಟಿಗೆ ಅಡ್ಡ ಹಾಕಿದ್ದ ಸರಳು ಬಿಚ್ಚಿಕೊಂಡಿತು. ಹುಡುಗಿ ತಲೆಕೆಳಗಾಗಿ ಹೊರಗೆ ಜಾರಿದಳು. ಮುಜಫರ ಹಾರಿ, ಕೈಗೆ ಸಿಕ್ಕ ಕಾಲನ್ನು ಹಿಡಿದು ಎಳೆದ. ಲಟಕ್ಕೆಂದಿತು. ಆ ಸದ್ದು ಇನ್ನೂ ಅವನ ಕಿವಿ ಬಿಟ್ಟು ಹೋಗಿಲ್ಲ.

ಅಷ್ಟೇ ಆಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಆ ಸರಳಿನ ಚಿಲಕ ಮುರಿದಿದ್ದು ಅವನಿಗೆ ಬೆಳಿಗ್ಗೆಯೇ ಗೊತ್ತಿತ್ತು. ಹೊಸ ಚಿಲಕ ಜೇಬಿನಲ್ಲೇ ಇತ್ತು. ಭಾನುವಾರದ ಗದ್ದಲ, ಸಂಜೆ ಹಾಕಿದರಾಯಿತೆಂದು ತಂತಿ ಸುತ್ತಿ ಕೈಬಿಟ್ಟಿದ್ದ. ಎಲ್ಲರೂ ಹುಡುಗಿಯನ್ನೆತ್ತಿಕೊಂಡು ದವಾಖಾನೆಗೆ ಓಡಿದಾಗ ಈ ಮಹಾಶಯ ಸದ್ದಿಲ್ಲದೆ ಹೊಸ ಚಿಲಕ ಹಾಕಿ, ತಂತಿಯನ್ನು ಕಾಲುವೆಗೆ ಎಸೆದುಬಂದ. “ಕೂಸೇ ಸರಳು ಬಿಚ್ಚಿತ್ರಿ” ಎಂದು ಮಾಲೀಕನ ಮುಂದೆ ಹೇಳಿ ಕೈ ತೊಳೆದುಕೊಂಡ. ಎಲ್ಲರೂ ನಂಬಿದರು. ಅಂದಿನಿಂದ ಅವನಿಗೆ ಅನ್ನ ಸೇರುತ್ತಿಲ್ಲ.

ಹುಡುಗಿಯ ಅಪ್ಪ, ಕೆಂಭಾವಿಯ ಭೀಮಾಶಂಕರ, ಮಗಳನ್ನು ಮೆಟ್ಟಿಲ ಮೇಲೆ ಕೂರಿಸಿ ಮೊಬೈಲ್ ತೆಗೆದ. ದೋಣಿ, ಸೀಟು, ಸರಳು ಎಲ್ಲವನ್ನೂ ವಿಡಿಯೊ ಮಾಡಿದ. ಕೊನೆಗೆ ಮುಜಫರನ ಮುಖಕ್ಕೇ ಹಿಡಿದ.

“ಈ ಕಡಿ ನೋಡು. ಊರಾಗ ಎಲ್ಲಾರೂ ನೋಡ್ಲಿ ನಿನ್ನ ಮಾರಿ.”

ಭೀಮಾಶಂಕರ ಹತ್ತಿರ ಬಂದು ಅವನ ಹೆಗಲ ಮೇಲೆ ಕೈಯಿಟ್ಟು, ಈ ತುದಿಯಿಂದ ಆ ತುದಿಗೆ ಗೇಣು ಹಾಕಿ ನೋಡಿದ.

“ಭುಜ ಅಗಲ ಅದಾವ ಬಿಡು ಯವ್ವಾ,” ಎಂದ ತಾಯಿಯ ಕಡೆ ತಿರುಗಿ.

ಹೊಡೆಯಲು ಎಷ್ಟು ಜನ ಬೇಕಾಗಬಹುದೆಂದು ಲೆಕ್ಕ ಹಾಕುತ್ತಿದ್ದಾನೆ ಎಂದುಕೊಂಡ ಮುಜಫರ. ಹೊಡೆತ ತಿಂದರೆ ತಿಂದ. ಪೊಲೀಸರಾದರೂ ಸರಿಯೇ. ಆದರೆ ಆ ಮುದುಕಿ, ಭೀಮಾಶಂಕರನ ತಾಯಿ ಗೊಲ್ಲಾಳಮ್ಮ, ಅವನನ್ನೇ ದಿಟ್ಟಿಸುತ್ತಿದ್ದಳು. ಆ ನೋಟಕ್ಕೇ ಅವನಿಗೆ ಹೆಚ್ಚು ಭಯವಾಯಿತು.

“ನಿನ್ನ ಹೆಸರೇನು?” ಮುದುಕಿ ಕೇಳಿದಳು.

“ಮುಜಫರ ರೀ.”

“ನಿಮ್ಮವ್ವನ ಹೆಸರು?”

“ಚಮನಬೀ ರೀ.”

“ನಿಮ್ಮಪ್ಪ ಜೀವಂತ ಅದಾನೇನು?”

“ಅದಾನ್ರಿ.”

“ಹಂಗಾದ್ರ ಚಲೋ ಆತು.” ಮುದುಕಿ ತಲೆದೂಗಿದಳು. “ಅವತ್ತು ಕೂಸಿನ ಕಾಲು ಹಿಡಿದು ಜಗ್ಗಿದಾಗ ಎಲ್ಲಿ ನಿಂತಿದ್ದಿ?”

ಅವನು ಕಾಲಡಿಯ ನೆಲ ತೋರಿಸಿದ. ಗೊಲ್ಲಾಳಮ್ಮ ಕುಕ್ಕರಗಾಲಿನಲ್ಲಿ ಕೂತು, ಅವನ ಪಾದದ ಪಕ್ಕದಿಂದಲೇ ಒಂದು ಹಿಡಿ ಮಣ್ಣು ಕೆರೆದು, ಬಾಯಲ್ಲಿ ಏನೋ ಗುಣುಗುತ್ತ ಸೆರಗಿನ ಚುಂಗಿಗೆ ಗಂಟು ಹಾಕಿಕೊಂಡಳು.

ಈ ಸೀಮೆಯಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೆಸರು, ಹೆತ್ತವಳ ಹೆಸರು, ಕಾಲಡಿಯ ಮಣ್ಣು. ಭಾನಾಮತಿಯ ಮಾಟ ಮಾಡಿಸಿ ಒಂದು ಮನೆಯನ್ನೇ ಹಾಳುಗೆಡವಲು ಇಷ್ಟು ಸಾಕು. ಅವನ ಓಣಿಯಲ್ಲೇ ಒಬ್ಬಳ ಮೇಲೆ ಹಾಗೆ ಮಾಡಿಸಿದ್ದಾರೆಂದು ಜನ ಮಾತಾಡುತ್ತಿದ್ದರು. ಅವಳು ಆರು ತಿಂಗಳು ಹಾಸಿಗೆ ಬಿಟ್ಟೇಳಲಿಲ್ಲ. ಅಮ್ಮನಿಗೆ ಮೊದಲೇ ಉಬ್ಬಸ. ತಪ್ಪು ಇವನದು, ಹಾಸಿಗೆ ಹಿಡಿಯುವವಳು ಅವಳು! ಆ ಯೋಚನೆಗೇ ಅವನಿಗೆ ಅಳು ಬಂತು.

ಮುದುಕಿ ಏಳುವಷ್ಟರಲ್ಲಿ ಅವನು ಅವಳ ಕಾಲ ಮೇಲೆ ಬಿದ್ದಿದ್ದ.

“ಏನ್ ಮಾಡಸ್ತೀರಿ ನನಗ ಮಾಡಸ್ರಿ ಅಮ್ಮಾ, ನಮ್ಮ ಅಮ್ಮಾಗ ಬ್ಯಾಡ್ರಿ! ಆಕಿಗೆ ಏನೂ ಗೊತ್ತಿಲ್ಲ. ಎಲ್ಲಾ ನಂದೇ ತಪ್ಪು. ಚಿಲಕ ಮುರದಿತ್ತು, ಮುಂಜಾನಿನೇ ನೋಡಿದ್ದೆ. ಹೊಸಾದು ಕಿಸೇದಾಗ ಇಟಗೊಂಡು ತಂತಿ ಸುತ್ತಿ ದೋಣಿ ಬಿಟ್ಟೆ. ಕೂಸು ಏನೂ ಬಿಚ್ಚಿಲ್ರಿ. ನಾ ಸುಳ್ಳು ಹೇಳಿದೆ. ಆ ಮಣ್ಣು ಚೆಲ್ರಿ, ಕೈ ಮುಗೀತೀನಿ!”

ಭೀಮಾಶಂಕರನ ಮೊಬೈಲ್ ಇನ್ನೂ ಅವನ ಕಡೆಗೇ ಇತ್ತು. ಮೋನಮ್ಮ ಅಪ್ಪನನ್ನೂ ಆಯಿಯನ್ನೂ ನೋಡಿದಳು.

“ನಾ ಹೇಳ್ಲಿಲ್ಲೇನು, ನಾ ಬಿಚ್ಚಿಲ್ಲ ಅಂತ? ಸುಮ್ಮನ ಬೈದ್ರಿ ನನಗ.”

ಭೀಮಾಶಂಕರನ ಮುಖ ಕೆಂಪಾಯಿತು. ಒಂದು ಹೆಜ್ಜೆ ಮುಂದಿಟ್ಟವನನ್ನು ಗೊಲ್ಲಾಳಮ್ಮ ಕೈ ಅಡ್ಡ ಹಿಡಿದು ತಡೆದಳು.

“ಭಾನಾಮತಿ ಅಂದ್ಕೊಂಡೇನೋ ಹುಚ್ಚಪ್ಪಾ? ಕೂಸು ನಿದ್ದ್ಯಾಗ ಬೆಚ್ಚಿ ಬೀಳತದ. ಅಂಜಿದ ಜಾಗದ ಮಣ್ಣು ನಿವಾಳಿಸಿ ಒಗದ್ರ ಅಂಜಿಕಿ ಹೋಗತದಂತ ತಗೊಂಡೆ.”

ಮುಜಫರ ತಲೆಯೆತ್ತಿದ. ಮುದುಕಿಯ ಕಣ್ಣಲ್ಲಿ ನೀರಿತ್ತು.

“ತಲಿ ಒಡದು ಸಾಯೋ ಕೂಸಿನ್ನ ಉಳಿಸಿದಾಂವ, ಇಂವ ನಮ್ಮ ಮನಿ ಮಗ ಅಂತ ನಿನಗ ಅಂಗಿ, ಮುತ್ತೈದಿ ನಿಮ್ಮವ್ವಗ ಸೀರಿ-ಹಸರ ಬಳಿ ಆಯೇರಿ ಮಾಡಬೇಕಂತ ಅಳತಿ ಕೇಳಾಕ ಬಂದಿದ್ವಲ್ಲೋ ತಮ್ಮಾ, ಇದನ್ನ ಯಾಕ ಹೇಳಿದಿ?”