ಬಿಳಿ ಮುಂಗೂದಲು

ಬಸ್ಸು ಕೆ.ಆರ್. ಪೇಟೆ ದಾಟುವ ಹೊತ್ತಿಗೆ ಚಂದ್ರಕಲ ಫೋನಿನಲ್ಲಿದ್ದ ಆ ಫೋಟೊವನ್ನು ಹತ್ತು ಸಲವಾದರೂ ನೋಡಿದ್ದಳು. ಮಗುವಿನ ಮುಖವಿರಲಿಲ್ಲ, ತಲೆಯಷ್ಟೇ. ಕಪ್ಪು ಕೂದಲಿನ ನಡುವೆ, ಹಣೆಯ ಮೇಲೆ, ಒಂದು ಬಿಳಿ ಕುಚ್ಚು.

ಅವಳ ಗಂಡ ಜಯಕುಮಾರನಿಗೂ ಹಾಗೆಯೇ ಇತ್ತು. ಹುಟ್ಟಿದಾಗಿನಿಂದ.

ಏಳು ವರ್ಷದ ಹಿಂದೆ ಪಾಂಡವಪುರದ ಬಳಿ ನಾಲೆ ಏರಿಯ ಮೇಲೆ ಅವನ ಬೈಕೂ ಚಪ್ಪಲಿಯೂ ಸಿಕ್ಕಿದ್ದವು. ಅವನು ಸಿಗಲಿಲ್ಲ. ಇನ್ನಷ್ಟು ದಿನ ಕಾಯೋಣ ಎಂದು ಅವಳು ಬೇಡಿಕೊಂಡರೂ ಮಾವ ಅಂದಾನಯ್ಯ ಕೇಳಲಿಲ್ಲ. ಶ್ರೀರಂಗಪಟ್ಟಣಕ್ಕೆ ಹೋಗಿ, ದರ್ಭೆಯಲ್ಲಿ ಮಗನ ಆಕಾರ ಮಾಡಿಸಿ, ಸುಟ್ಟು, ಬೂದಿಯನ್ನು ಹೊಳೆಗೆ ಬಿಟ್ಟು ಬಂದರು. "ಬರೋನಾಗಿದ್ರೆ ಬಂದ್ಬುಡ್ತಿದ್ದ ಕಣವ್ವ," ಎಂದದ್ದು ಅಷ್ಟೇ. ಅಂದಿನಿಂದ ಬಿಂಡಿಗನವಿಲೆಯ ಆ ಮನೆಯಲ್ಲಿ ಮಾವ, ಸೊಸೆ ಇಬ್ಬರೇ. ಮಾತು ಕಡಿಮೆ. ಸುಟ್ಟದ್ದು ಹುಲ್ಲನ್ನು ಎಂಬುದನ್ನು ಮಾತ್ರ ಚಂದ್ರಕಲ ಮರೆಯಲಿಲ್ಲ. ನಾಯಿ ಬೊಗಳಿದರೆ ಬಾಗಿಲಿಗೆ ಬರುತ್ತಿದ್ದಳು. ದಿನವೂ ಒಂದು ಮುದ್ದೆ ಹೆಚ್ಚಾಗಿಯೇ ಕಟ್ಟುತ್ತಿದ್ದಳು.

ಮೈಸೂರಿನಲ್ಲಿ ಓದುವ ರಂಜಿತ ಊರಿಗೆ ಬಂದದ್ದು ಕಳೆದ ವಾರ. ಮನುಷ್ಯರ ಮೈಮೇಲಿನ ಸಣ್ಣಪುಟ್ಟ ಲಕ್ಷಣಗಳು ವಂಶದಲ್ಲಿ ಹೇಗೆ ಇಳಿದು ಬರುತ್ತವೆ ಎಂದು ಊರೂರು ಸುತ್ತಿ ಬರೆದುಕೊಳ್ಳುವುದು ಅವಳ ಕೆಲಸ. ಡೈರಿಯ ಮುಂದೆ ಹಾಲು ಹಾಕಲು ನಿಂತವರ ಕಿವಿಯ ತುದಿ, ಕೆನ್ನೆಯ ಗುಳಿ, ಹೆಬ್ಬೆರಳು ಎಲ್ಲ ನೋಡಿದಳು. ನಾಲಗೆ ಸುರುಳಿ ಮಾಡಿ ಎಂದಾಗ ಬೈರಮ್ಮ, "ನನ್ ನಾಲ್ಗೆ ಸೊಸೆ ಮುಂದೆ ಮಾತ್ರ ಆಡೋದು ಕಣವ್ವ," ಎಂದು ಎಲ್ಲರನ್ನೂ ನಗಿಸಿದಳು. ಅಂದಾನಯ್ಯ ತಮ್ಮ ತಲೆ ಸವರಿಕೊಂಡು, "ನಂದೆಲ್ಲಾ ನೆರ್ತು ಬೆಳ್ಗಾಗೋಯ್ತು, ಇದ್ರಾಗೇನ್ ಉಡುಕೀಯೆ," ಎಂದು ಕ್ಯಾನು ಎತ್ತಿಕೊಂಡು ನಡೆದರು.

ಆಮೇಲೆ ರಂಜಿತ ಅಪರೂಪದ್ದೊಂದು ತೋರಿಸುತ್ತೇನೆಂದು ಫೋನು ತೆಗೆದಳು. ಸಂತೆಬಾಚಹಳ್ಳಿಯ ಅಂಗನವಾಡಿಯ ಮಗು. ನಾಲ್ಕು ವರ್ಷ. ಯಾರ ಹೆಸರನ್ನೂ ಬರೆದುಕೊಳ್ಳುವುದಿಲ್ಲವಂತೆ, ಬರೀ ನಂಬರು.

ಚಂದ್ರಕಲ ಫೋನನ್ನು ಹತ್ತಿರ ಎಳೆದುಕೊಂಡಳು. "ಇದು ಎಲ್ಲಿಂದ ಬತ್ತದೆ?"

"ಅಪ್ಪ ಇಲ್ಲಾ ಅಮ್ಮ, ಇಬ್ಬರಲ್ಲಿ ಒಬ್ಬರಿಗೆ ಇದ್ದೇ ಇರುತ್ತೆ ಕಣಕ್ಕ. ಅಮ್ಮನಿಗಿಲ್ಲ, ನಾನೇ ನೋಡಿದೆ. ಅಪ್ಪ ಯಾರು ಅಂದ್ರೆ ಅವರು ಎದ್ದು ಒಳಕ್ಕೆ ಹೋಗ್ಬಿಟ್ರು."

ಏಳು ವರ್ಷದ ಹಿಂದೆ ಮುಳುಗಿದವನಿಗೆ ನಾಲ್ಕು ವರ್ಷದ ಮಗು.

ಕೇಳಿ ಪಡೆದ ಫೋಟೊ ಅದು. ಅದನ್ನಿಟ್ಟುಕೊಂಡು ಗುರುವಾರದವರೆಗೆ ಕಾದಳು. ವಾರವಾರವೂ ಅಂದು ಮಾವ ಕುರಿ ವ್ಯಾಪಾರಕ್ಕೆ ಹೊರಟರೆ ಮರಳುವುದು ಮಾರನೆಯ ದಿನವೇ. ಅವಳು ಹೋಗಿಬಂದದ್ದು ಅವರಿಗೆ ತಿಳಿಯುವುದಿಲ್ಲ. ಬಸ್ಸಿನಲ್ಲಿ ಮೊದಲು ಬಂದದ್ದು ಸಿಟ್ಟು. ನಾಲ್ಕು ಜನರ ಮುಂದೆ ಕೊರಳಪಟ್ಟಿ ಹಿಡಿದು ಕೇಳಬೇಕು ಎಂದುಕೊಂಡಳು. ಊರು ಹತ್ತಿರವಾದಂತೆ ಅದೂ ಇಳಿಯಿತು. ಇನ್ನೊಬ್ಬಳ ಗಂಡನಾಗಿದ್ದರೂ ಸರಿ. ಉಸಿರಾಡುತ್ತಿದ್ದರೆ ಸಾಕು.

ಬಿಳಿ ಕುಚ್ಚಿನ ಮಗು ಎಂದೊಡನೆ ಅಂಗನವಾಡಿಯ ಆಯಾ ಮನೆ ತೋರಿಸಿದಳು. ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಹೆಂಗಸಿಗೆ ಮೂವತ್ತೈದಿರಬಹುದು. ಪಕ್ಕದಲ್ಲಿ ಮಗು ಸಿಪ್ಪೆ ಹರವಿಕೊಂಡು ಆಡುತ್ತಿತ್ತು.

"ಮಗೀನ ಅಪ್ಪನ್ನ ನೋಡ್ಬೇಕಿತ್ತು."

"ಒಳ್ಗೆ ಮಲ್ಗವ್ರೆ. ಯಾರು ಅನ್ಲಿ?"

"ಬಿಂಡಿಗನವಿಲೆಯೋರು ಅನ್ನಿ."

ಹೆಂಗಸಿನ ಕೈ ನಿಂತಿತು. ಒಳಗೆ ಮಂಚ ಕಿರುಗುಟ್ಟಿತು.

"ಲೇ ಜಯಕುಮಾರ, ಯಾರ್ ಬಂದವ್ರೆ ನೋಡ್ಲಾ."

ತನ್ನ ಹೆಸರು ಕೇಳಿ ಮಗು ಎದ್ದು ಒಳಕ್ಕೆ ಓಡಿತು. ಕರೆದದ್ದು ಮಾವನ ದನಿ.

ಬದುಕಿರುವವರ ಹೆಸರನ್ನು ಆ ವಂಶದಲ್ಲಿ ಯಾವ ಮಗುವಿಗೂ ಇಡುವುದಿಲ್ಲ.