ಐಸ್ ನೀರಿನ ಲೋಟ

“ಎಪ್ಪತ್ತೈದು ಡಿಗ್ರಿ. ಪಾಸಾದ್ರಿ ಅಮ್ಮ,” ಎನ್ನುತ್ತ ಪರೀಕ್ಷಕ ಪೆನ್ನಿನ ಮುಚ್ಚಳ ತೆಗೆದ. ಆಸ್ಪತ್ರೆಯ ಅಡುಗೆಯಾಕೆ ಮಾತ್ರ ಕೋಳಿ ಸೂಪಿನಿಂದ ಏಳುತ್ತಿದ್ದ ಹಬೆಯನ್ನೇ ನೋಡುತ್ತಿದ್ದಳು. ಅವಳ ಕಣ್ಣಿಗೆ ಅದು ತೀರಾ ತೆಳುವೆನಿಸಿತು. ಎರಡು ಸಲ ಫೇಲಾದವಳು ಅವಳು. ಈ ಕೊನೆಯ ಅವಕಾಶದಲ್ಲೂ ಆಹಾರ ಸುರಕ್ಷತೆಯ ಸರ್ಟಿಫಿಕೇಟು ಸಿಗದಿದ್ದರೆ ನಾಳೆಯಿಂದ ಸೌಟು ಬಿಟ್ಟು ಪಾತ್ರೆ ತೊಳೆಯಬೇಕಿತ್ತು.

“ಸರ್, ಒಂದು ಲೋಟ ಐಸ್ ನೀರು ಕೊಡಿ. ಈ ಥರ್ಮಾಮೀಟರು ಸುಳ್ಳು ಹೇಳ್ತಿದೆಯಾ ನೋಡೋಣ. ಐಸ್ ನೀರಲ್ಲಿ ಸೊನ್ನೆ ತೋರಿಸ್ಬೇಕು ಅಂತ ನೀವೇ ಪಾಠ ಮಾಡಿದ್ರಲ್ಲ.”

ಬಾಗಿಲ ಬಳಿಯಿದ್ದ ಅವಳ ಸೊಸೆ ಸರಕ್ಕನೆ ಹತ್ತಿರ ಬಂದಳು. ಅವಳೂ ಅದೇ ಅಡುಗೆಮನೆಯವಳು. ಅದೇ ಥರ್ಮಾಮೀಟರಿನ ಕೃಪೆಯಿಂದ ಅವಳು ಹತ್ತು ನಿಮಿಷದ ಹಿಂದಷ್ಟೇ ಪಾಸಾಗಿದ್ದಳು. “ಅತ್ತೆ, ಬಾಯಿಗೆ ಬಂದ ತುತ್ತು! ಸುಮ್ನೆ ನುಂಗ್ಬಾರ್ದಾ?” ಎಂದು ಪಿಸುಗುಟ್ಟಿದಳು.

“ನುಂಗೋದು ನಾವಲ್ಲ ಕಣೇ, ರೋಗಿಗಳು.”

ಐಸ್ ನೀರಿನಲ್ಲಿ ಅಂಕಿ ಇಳಿಯುತ್ತ ಬಂದು ಏಳರಲ್ಲಿ ನಿಂತಿತು. ಎಷ್ಟು ಕಲಕಿದರೂ ಕದಲಲಿಲ್ಲ. ಅಂದರೆ ಸೂಪಿನ ಬಿಸಿ ಅರವತ್ತೆಂಟರ ಆಸುಪಾಸು; ಪಾಸಾಗಲು ಬೇಕಿದ್ದ ಎಪ್ಪತ್ತೈದಕ್ಕೆ ಏಳು ಕಡಿಮೆ. ಪರೀಕ್ಷಕ ಪೆನ್ನಿಗೆ ಮುಚ್ಚಳ ಹಾಕಿ, ಬೇರೆ ಥರ್ಮಾಮೀಟರು ತರಲು ಹೊರಟ. ಅತ್ತೆ ತನ್ನ ಒಲೆಯ ಉರಿ ಹೆಚ್ಚಿಸಿದಳು. ಸೊಸೆ ಕೈಯಲ್ಲಿದ್ದ ಸರ್ಟಿಫಿಕೇಟನ್ನು ಪರೀಕ್ಷಕನ ಮೇಜಿನ ಮೇಲಿಟ್ಟು, ಸೋಪು ಹಚ್ಚಿ ಕೈ ತೊಳೆದುಕೊಂಡು ಬಂದು, ತನ್ನ ಸೂಪಿನ ಪಾತ್ರೆಯನ್ನು ಮತ್ತೆ ಒಲೆಗೇರಿಸಿದಳು.