ಗುರುವಾರದ ಡಬ್ಬಿ

"ಇವತ್ತೂ ಕಲಸಿ ಬಂದೆ" ಎಂದು ಅವನು ಎದುರು ಗೋಡೆ ನೋಡುತ್ತ ಹೇಳಿದ.

ಅವಳು ಕೈಯಲ್ಲಿದ್ದ ಹಳೆಯ ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಹಲ್ಲಿನ ಡಾಕ್ಟರರ ಕಾಯುವ ಕೋಣೆಯಲ್ಲಿ ಇಬ್ಬರ ನಡುವೆ ಎಂದಿನಂತೆ ಒಂದು ಕುರ್ಚಿ ಖಾಲಿ ಇತ್ತು. ಎಂಟು ತಿಂಗಳಿಂದ ಇಬ್ಬರೂ ಇಲ್ಲಿ ಟೋಕನ್ ತೆಗೆದುಕೊಂಡು ಕೂರುತ್ತಾರೆ, ಸರದಿ ಬರುವ ಮೊದಲೇ ಎದ್ದು ಹೋಗುತ್ತಾರೆ. ಹಲ್ಲು ಕೀಳಿಸಲು ಹೆದರುವ ಜನವೆಂದು ನರ್ಸಮ್ಮನಿಗೆ ಇವರ ಮೇಲೆ ಕನಿಕರ.

ಅವನು ಮೆಣಸಿನ ಪುಡಿ ಕಾರ್ಖಾನೆಯಲ್ಲಿ ಪುಡಿ ಕಲಸುವವನು. ಅವಳು ಕಲಬೆರಕೆ ಹಿಡಿಯುವ ಇಲಾಖೆಯ ಅಧಿಕಾರಿ. ಹುಳು ಹಿಡಿದ ಮೆಣಸಿನಕಾಯಿಯ ಪುಡಿಗೆ ಬಟ್ಟೆಯ ಬಣ್ಣ ಬೆರೆಸಿ ಕೆಂಪಗೆ ಮಾಡಿ ಮಾರುತ್ತಿದ್ದಾರೆಂದು ಅವನೇ ಫೋನ್ ಮಾಡಿದ್ದ. ಹೆಸರು ಕೇಳಬೇಡಿ ಎಂದಿದ್ದ. ಅವಳು ಕೇಳಲಿಲ್ಲ. ಫೈಲಿನಲ್ಲಿ ಅವನು ಬರೀ ಹನ್ನೊಂದನೇ ನಂಬರು. ಫೈಲು ಅವಳ ಬೀರುವಿನಲ್ಲಿ, ಬೀರುವಿನ ಬೀಗದ ಕೈ ಅವಳ ಕೊರಳಿನಲ್ಲಿ. ಪಕ್ಕದ ಮೇಜಿನವರಿಗೂ ಮೇಲಿನ ಮಹಡಿಯವರಿಗೂ ಅದರ ಸುಳಿವಿಲ್ಲ. ಅವರ ಬೀರುಗಳಲ್ಲಿ ಏನಿದೆಯೆಂದು ಅವಳಿಗೂ ಗೊತ್ತಿಲ್ಲ. ಮಾಹಿತಿ ಕೊಟ್ಟವನ ತಲೆ ಉಳಿಯಬೇಕಾದರೆ ಹೀಗೇ ಇರಬೇಕೆಂದು ತರಬೇತಿಯ ಮೊದಲ ದಿನವೇ ಹೇಳಿಕೊಟ್ಟಿದ್ದರು.

ಮಾಲೀಕನನ್ನು ಹಿಡಿದರೆ ಒಂದು ಕಾರ್ಖಾನೆ ಮುಚ್ಚುತ್ತದೆ, ಬಣ್ಣ ತಂದುಕೊಡುವವನು ಸಿಕ್ಕರೆ ಹತ್ತು ಮುಚ್ಚುತ್ತವೆ ಎಂಬುದು ಅವಳ ಮೇಲಧಿಕಾರಿಯ ಲೆಕ್ಕಾಚಾರ. ಅದಕ್ಕೇ ಕಾಯುವುದು. ಅವಳು ದಾಳಿಗೆ ಮೂರು ಸಲ ಅನುಮತಿ ಕೇಳಿದ್ದಳು. ಮೂರು ಸಲವೂ ಪುಡಿಯ ಇನ್ನೆರಡು ಮಾದರಿ ಬರಲಿ ಎಂಬ ಉತ್ತರ.

ಬಣ್ಣದವನ ಬಗ್ಗೆ ಪುಡಿ ಕಲಸುವವನು ಎಲ್ಲ ಹೇಳಿದ್ದ. ಮೊದಲಿದ್ದವನು ಬಾಯಿಬಡುಕ, ಹೇಳಿದ ದಿನ ಬಂದವನೇ ಅಲ್ಲ. ವರ್ಷದ ಹಿಂದೆ ಆ ಜಾಗಕ್ಕೆ ಬೇರೊಬ್ಬ ಬಂದ. ಇವನು ಚೌಕಾಸಿ ಮಾಡುವುದಿಲ್ಲ, ಚಹಾ ಕೊಟ್ಟರೂ ಮುಟ್ಟುವುದಿಲ್ಲ. ಗುರುವಾರ ಹತ್ತೂವರೆಗೆ ಡಬ್ಬಿ ಇಳಿಸಿ, ಎಲ್ಲ ಮೊದಲಿನ ಹಾಗೇ ನಡೀತಿದೆಯಲ್ಲ ಎಂದು ಕೇಳಿ ಹೋಗುತ್ತಾನೆ. ಹೋದ ವಾರ ಮಾತ್ರ ಗುರುವಾರ ಬಾರದೆ ಶುಕ್ರವಾರ ಬಂದ.

ಅವಳು ಅದನ್ನೂ ಬರೆದುಕೊಂಡಳು. ಆ ಗುರುವಾರ ಅವಳ ಕಚೇರಿಗೆ ರಜೆ. ಹೊದಿಕೆಗಳನ್ನೆಲ್ಲ ಒಗೆದು ಹಾಕಿದ್ದಳು. ನಿಮ್ಮ ಕಳ್ಳರಿಗೂ ಇವತ್ತು ರಜೆಯೇನಮ್ಮಾ ಎಂದು ಮಾವ ತಮಾಷೆ ಮಾಡಿದ್ದರು.

"ಮಗಳು ಹೇಗಿದ್ದಾಳೆ?" ಎಂದಳು.

"ಆಸ್ಪತ್ರೇಲೇ ಇದ್ದಾಳೆ. ಎರಡೂ ಕಿಡ್ನಿ ಕೆಟ್ಟಿವೆ ಅಂತಾರೆ."

ಆ ಪುಡಿ ಅವನ ಮಗಳ ಶಾಲೆಯ ಅಡುಗೆಮನೆಗೂ ಹೋಗುತ್ತಿತ್ತು. ಶಾಲೆಗೆ ತಿಳಿಸಿಬಿಡಲೇ ಎಂದು ಅವನು ಮೊದಲ ಭೇಟಿಯಲ್ಲೇ ಕೇಳಿದ್ದ. ಶಾಲೆ ಪುಡಿ ಬೇಡವೆಂದರೆ, ಬಾಯಿ ಬಿಟ್ಟವರಾರೆಂದು ಮಾಲೀಕನಿಗೆ ಮರುದಿನವೇ ತಿಳಿಯುತ್ತದೆ. ಅವಳು ತಡೆದಿದ್ದಳು. ಅವನ ಹೆಂಡತಿ ಮಗಳಿಗೆ ಮನೆಯಿಂದ ಊಟ ಕಟ್ಟಿದಳು, ಕಾರಣ ಮಾತ್ರ ಹೇಳಲಿಲ್ಲ. ಹುಡುಗಿ ಅದನ್ನು ಗೆಳತಿಯರಿಗೆ ಕೊಟ್ಟು ಅವರ ತಟ್ಟೆಯಲ್ಲಿ ಉಂಡಳು.

"ಅಕ್ಕಾ, ಬಣ್ಣ ಒಂದು ಚಮಚ ಕಮ್ಮಿ ಹಾಕ್ಲಾ? ಯಾರಿಗೂ ಗೊತ್ತಾಗಲ್ಲ."

ಮೊದಮೊದಲು ಇಂಥ ಮಾತಿಗೆ ಅವಳಿಗೆ ನಾಚಿಕೆಯಾಗುತ್ತಿತ್ತು, ಮನೆಗೆ ಹೋದರೆ ಊಟ ಸೇರುತ್ತಿರಲಿಲ್ಲ. ಈಗ ಏನೂ ಆಗಲಿಲ್ಲ. ಸೂಜಿ ಚುಚ್ಚಿಸಿಕೊಂಡ ಒಸಡಿನ ಹಾಗೆ ಮನಸ್ಸು ಮರಗಟ್ಟಿತ್ತು.

"ಬೇಡ. ಅನುಮಾನ ಬರುತ್ತೆ. ಎಲ್ಲ ಮೊದಲಿನ ಹಾಗೇ ನಡೀಲಿ."

ಅವನು ಕೆಂಪು ಹತ್ತಿದ ಬೆರಳುಗಳನ್ನು ಜೇಬಿನೊಳಗೆ ತೂರಿಸಿ ಎದ್ದು ಹೋದ. ನರ್ಸಮ್ಮ ಅವನ ಟೋಕನ್ ನಂಬರು ಕೂಗಿದಳು.

ಅಂದೇ ಅವಳು ಮೇಲಧಿಕಾರಿಯ ಎದುರು ನಿಂತು ನಾಲ್ಕನೆಯ ಸಲ ಕೇಳಿದಳು. ಮಾಹಿತಿದಾರ ಕೈಬಿಟ್ಟು ಹೋಗುತ್ತಾನೆ, ಎಂಟು ತಿಂಗಳ ಕೆಲಸ ನೀರುಪಾಲಾಗುತ್ತದೆ ಎಂದಳು. ಹುಡುಗಿಯ ಸುದ್ದಿ ಎತ್ತಲಿಲ್ಲ. ಎತ್ತಿದ್ದರೆ ಫೈಲಿಗೆ ಇನ್ನೊಂದು ಹಾಳೆ ಸೇರುತ್ತಿತ್ತು, ಅಷ್ಟೇ. ಕೆಲಸ ಕೆಡುತ್ತದೆಂದಾಗ ಅವರು ಸಹಿ ಹಾಕಿದರು.

ಗುರುವಾರ ಹತ್ತು ಗಂಟೆಗೆ ಅವಳು ಕಾರ್ಖಾನೆಯ ಎದುರಿನ ಟೈರ್ ಅಂಗಡಿಯಲ್ಲಿ ಕುಳಿತಳು, ಸಿಬ್ಬಂದಿ ಮೂಲೆಯಲ್ಲಿ ವ್ಯಾನಿನೊಳಗಿದ್ದರು. ಹತ್ತೂವರೆಗೆ ಸರಿಯಾಗಿ ಬಣ್ಣದವನು ಬಂದ. ನಡುವಯಸ್ಸು, ಇಸ್ತ್ರಿ ಮಾಡಿದ ಅಂಗಿ. ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ ಡಬ್ಬಿ ಎತ್ತಿಕೊಂಡು ಗೇಟಿನ ಹತ್ತಿರ ಬಂದ. ಅವಳು ರಸ್ತೆ ದಾಟಿ ಅವನ ಮಣಿಕಟ್ಟು ಹಿಡಿದಳು. ವ್ಯಾನಿನ ಬಾಗಿಲು ತೆರೆಯಿತು.

ಅವನು ಓಡಲಿಲ್ಲ, ಕೊಸರಾಡಲಿಲ್ಲ. ಒಳಗಿನ ಬಾಗಿಲಲ್ಲಿ ಪುಡಿ ಕಲಸುವವನು ಬಂದು ನಿಂತಿದ್ದ. ಎಂಟು ತಿಂಗಳಲ್ಲಿ ಮೊದಲ ಸಲ ಅವನ ಮುಖ ಸಡಿಲವಾಗಿದ್ದನ್ನು ಅವಳು ಕಂಡಳು. ಮುಗಿಯಿತು ಎಂದುಕೊಂಡಿರಬೇಕು. ಅವಳೂ ಹಾಗೇ ಅಂದುಕೊಂಡಳು.

ಹಿಡಿದವಳ ಕಿವಿಯ ಹತ್ತಿರ ಬಾಗಿ ಬಣ್ಣದವನು ಹಲ್ಲು ಕಚ್ಚಿ ಹೇಳಿದ: "ಕೈ ಬಿಡಿ ಮೇಡಂ. ನಾನೂ ನಿಮ್ಮ ಕಚೇರಿಯವನೇ, ಮೂರನೇ ಮಹಡಿ. ಇನ್ನೊಂದು ವಾರ ಬಿಟ್ಟಿದ್ರೆ ಮಾಲೀಕ ಸಿಕ್ಕಿಬೀಳ್ತಿದ್ದ."

ಮೊದಲು ಬಣ್ಣ ತರುತ್ತಿದ್ದ ಬಾಯಿಬಡುಕ ಜೈಲು ಸೇರಿ ವರ್ಷವೇ ಕಳೆದಿತ್ತು. ಅಂದಿನಿಂದ ಕಾರ್ಖಾನೆಗೆ ಬಂದ ಬಣ್ಣವೆಲ್ಲ ಅವನಿಂದ ಜಪ್ತಿ ಮಾಡಿ ಅವಳದೇ ಕಚೇರಿಯ ಉಗ್ರಾಣದಲ್ಲಿ ಇಟ್ಟಿದ್ದ ಡಬ್ಬಿಗಳದ್ದು.